ಪಂಚಾಯಿತಿ, ಪುರಸಭೆ ನೌಕರರೇ, ನಿಮ್ಮ ಕಾಗದ ಕೈಯಲ್ಲಿದೆಯಾ? ಆದೇಶ, ಬಡ್ತಿ, ಪರೀಕ್ಷೆಗಳ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದಿನ ಮಾತು. ಪಕ್ಕದ ಪಂಚಾಯಿತಿಯ ಕರ ವಸೂಲಿಗಾರರೊಬ್ಬರು ಸಂಜೆ ಹೊತ್ತು ನನ್ನನ್ನು ಹುಡುಕಿಕೊಂಡು ಬಂದಿದ್ದರು. ವಯಸ್ಸು 42. ಡಿಗ್ರಿ ಮುಗಿಸಿದ್ದಾರೆ. ಕೆಲಸಕ್ಕೆ ಸೇರಿ ಒಂಬತ್ತು ವರ್ಷ. ಯಾವುದೋ ಹುದ್ದೆಗೆ ಅರ್ಜಿ ಕರೆದಿದ್ದರು. "ನಂದು ಜನರಲ್ ಸಾರ್, 35ಕ್ಕೇ ಮುಗೀತು. ಮಗನಿಗೆ ಏನಾದ್ರೂ ಇದ್ರೆ ಹೇಳಿ" ಅಂದರು. ನಾನು ಅಧಿಸೂಚನೆಯ ವಯೋಮಿತಿ ಪುಟ ತೆಗೆದು ಬೆರಳಿಟ್ಟು ತೋರಿಸಿದೆ. ಸರ್ಕಾರದಲ್ಲಿ ಅಥವಾ ಸ್ಥಳೀಯ ಪ್ರಾಧಿಕಾರದಲ್ಲಿ ಹುದ್ದೆ ಹೊಂದಿರುವವರಿಗೆ, ಎಷ್ಟು ವರ್ಷ ಸೇವೆ ಮಾಡಿದ್ದಾರೋ ಅಷ್ಟು ವರ್ಷ ಅಥವಾ 10 ವರ್ಷ, ಇದರಲ್ಲಿ ಯಾವುದು ಕಡಿಮೆಯೋ ಅಷ್ಟು ಸಡಿಲಿಕೆ. 35ಕ್ಕೆ 9 ಸೇರಿಸಿದರೆ 44. ಅವರಿಗೆ ಇನ್ನೂ ಎರಡು ವರ್ಷ ಇತ್ತು!

ಅವರ ಮುಖ ಅರಳಿತು. ಆಮೇಲೆ ನಾನು ಕೇಳಿದೆ: "ನೇಮಕಾತಿ ಆದೇಶ ಎಲ್ಲಿ? ಜಿಲ್ಲಾ ಪಂಚಾಯಿತಿ ಅನುಮೋದನೆ ಎಲ್ಲಿ?" ಎರಡೂ ಅವರ ಹತ್ತಿರ ಇರಲಿಲ್ಲ. ಆಫೀಸಿನ ಬೀರುವಿನಲ್ಲಿ ಇರಬಹುದು ಅಂದರು. ಮರುದಿನ ಹುಡುಕಿದರು, ಸಿಗಲಿಲ್ಲ. ಮೇಲಿನ ಕಚೇರಿಗೆ ಓಡಿದರು, ವಿಷಯ ನಿರ್ವಾಹಕರು ರಜೆಯಲ್ಲಿದ್ದರು. ಕೊನೆಯ ದಿನಾಂಕ ದಾಟಿಹೋಯಿತು.

ನಾನು ಪಂಚಾಯಿತಿಯಲ್ಲಿ ಹತ್ತಾರು ವರ್ಷ ಕೆಲಸ ಮಾಡಿದವನು. ಇಂಥ ಸಂಗತಿ ಒಂದೆರಡಲ್ಲ, ತುಂಬ ನೋಡಿದ್ದೇನೆ. ಅವಕಾಶ ಇಲ್ಲದೆ ಹಿಂದುಳಿದವರಿಗಿಂತ, ಕಾಗದ ಇಲ್ಲದೆ ಹಿಂದುಳಿದವರೇ ಜಾಸ್ತಿ. ಅದಕ್ಕೇ ಕರ್ನಾಟಕದ ಸ್ಥಳೀಯ ಸಂಸ್ಥೆಗಳ ನೌಕರರಿಗಾಗಿ ಇದನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ. ಗ್ರಾಮ ಪಂಚಾಯಿತಿ ನನಗೆ ಹೆಚ್ಚು ಗೊತ್ತು, ಹಾಗಾಗಿ ಅದರ ಮಾತೇ ಜಾಸ್ತಿ ಬರುತ್ತದೆ. ಪಟ್ಟಣದವರ ವಿಷಯವೂ ಮುಂದೆ ಇದೆ.

ಹಂತ 1: ನೀವು ಯಾವ ಬಗೆಯ ನೌಕರ ಅಂತ ತಿಳಿದುಕೊಳ್ಳಿ

ಇದು ಸಣ್ಣ ಪ್ರಶ್ನೆ ಅನ್ನಿಸಬಹುದು. ಆದರೆ ಅರ್ಧ ಗೊಂದಲ ಇಲ್ಲೇ ಹುಟ್ಟುತ್ತದೆ.

ಒಂದೇ ಗ್ರಾಮ ಪಂಚಾಯಿತಿ ಕಟ್ಟಡದಲ್ಲಿ ಎರಡು ಮೂರು ಬಗೆಯ ನೌಕರರು ಕೂತಿರುತ್ತಾರೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಗ್ರೇಡ್-1 ಮತ್ತು ಗ್ರೇಡ್-2 ಕಾರ್ಯದರ್ಶಿ, ದ್ವಿತೀಯ ದರ್ಜೆ ಲೆಕ್ಕ ಸಹಾಯಕ, ಇವರು ಸರ್ಕಾರಿ ನೌಕರರು. ಇವರಿಗೆ ಕೆಸಿಎಸ್‌ಆರ್ (ರಾಜ್ಯದ ಸೇವಾ ನಿಯಮಗಳು), ವೇತನ ಆಯೋಗ, ಎಚ್‌ಆರ್‌ಎಂಎಸ್ (ಸಂಬಳದ ತಂತ್ರಾಂಶ), ಕೆಜಿಐಡಿ (ಸರ್ಕಾರಿ ನೌಕರರ ವಿಮೆ) ಎಲ್ಲ ಅನ್ವಯಿಸುತ್ತವೆ. ಕರ ವಸೂಲಿಗಾರ, ಡೇಟಾ ಎಂಟ್ರಿ ಆಪರೇಟರ್, ನೀರುಗಂಟಿ, ಜವಾನ, ಸ್ವಚ್ಛತಾಗಾರ, ಇವರು ಪಂಚಾಯಿತಿಯ ನೌಕರರು. ಇವರನ್ನು ನೇಮಿಸುವುದು ಪಂಚಾಯಿತಿ. ಆದರೆ ಅದಕ್ಕೆ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯ ಅನುಮೋದನೆ ಬೇಕು. 1993ರ ಪಂಚಾಯತ್ ರಾಜ್ ಕಾಯ್ದೆಯ 112 ಮತ್ತು 113ನೇ ಪ್ರಕರಣಗಳನ್ನು ಒಮ್ಮೆ ಓದಿ, ಎರಡು ಮೂರು ಪುಟ ಅಷ್ಟೇ. ಇವರ ಸಂಬಳ ನಿಂತಿರುವುದು ಕನಿಷ್ಠ ವೇತನದ ಮೇಲೆ. ಮೂರನೆಯವರು ಹೊರಗುತ್ತಿಗೆಯವರು. ಅವರ ಕಾಗದದಲ್ಲಿ ಯಜಮಾನ ಏಜೆನ್ಸಿ.

ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಏನಾಗುತ್ತದೆ ನೋಡಿ. 7ನೇ ರಾಜ್ಯ ವೇತನ ಆಯೋಗದ ವೇತನ 2024ರ ಆಗಸ್ಟ್ 1ರಿಂದ ಜಾರಿಗೆ ಬಂತು. ಕನಿಷ್ಠ ಮೂಲ ವೇತನ 27,000 ರೂಪಾಯಿ ಆಯಿತು. ಸುದ್ದಿ ಬಂದ ದಿನ ಒಬ್ಬ ನೀರುಗಂಟಿ ಮನೆಗೆ ಸಿಹಿ ತೆಗೆದುಕೊಂಡು ಹೋಗಿದ್ದ. ಅವನ ಸಂಬಳ ಆ ಆದೇಶದಲ್ಲಿ ಇರಲೇ ಇಲ್ಲ. ಅವನು ನೋಡಬೇಕಾಗಿದ್ದುದು ಕನಿಷ್ಠ ವೇತನದ ಅಧಿಸೂಚನೆಯನ್ನು. ಅದರ ತುಟ್ಟಿಭತ್ಯೆ ನಮ್ಮ ರಾಜ್ಯದಲ್ಲಿ ವರ್ಷಕ್ಕೊಮ್ಮೆ, ಏಪ್ರಿಲ್ 1ರಿಂದ ಬದಲಾಗುತ್ತದೆ. ಸರ್ಕಾರಿ ನೌಕರರ ತುಟ್ಟಿಭತ್ಯೆ ಜನವರಿ ಮತ್ತು ಜುಲೈ ಲೆಕ್ಕದಲ್ಲಿ ಬರುತ್ತದೆ. ಎರಡೂ ಬೇರೆ ಬೇರೆ ಸುದ್ದಿ.

ಹಂತ 2: ಒಂದು ಫೈಲ್ ಮಾಡಿ, ಇದೇ ವಾರ

ದಪ್ಪ ರಟ್ಟಿನ ಫೈಲ್ ಒಂದು ತನ್ನಿ. ಸುಮ್ನೆ ಪ್ಲಾಸ್ಟಿಕ್ ಕವರಿನಲ್ಲಿ ತುರುಕಬೇಡಿ. ಮೊದಲ ಹಾಳೆಯಲ್ಲಿ ನಿಮ್ಮ ಕೈಯಾರೆ ಒಂದು ಪಟ್ಟಿ ಬರೆಯಿರಿ: ಯಾವ ದಿನ ಸೇರಿದ್ದು, ಯಾವ ಹುದ್ದೆ, ಯಾವ ಆದೇಶ ಸಂಖ್ಯೆ. ಆ ಪಟ್ಟಿ ಬರೆಯುವಾಗಲೇ ಏನಿಲ್ಲ ಅನ್ನುವುದು ಗೊತ್ತಾಗುತ್ತದೆ.

ಪಂಚಾಯಿತಿ ನೌಕರರ ಫೈಲಿನಲ್ಲಿ ಮೊದಲು ಇರಬೇಕಾದದ್ದು ನೇಮಕ ಮಾಡಿದ ಸಾಮಾನ್ಯ ಸಭೆಯ ನಡಾವಳಿ. ಅದರಲ್ಲಿ ನಿಮ್ಮ ಹೆಸರಿರುವ ಠರಾವಿನ ದೃಢೀಕೃತ ನಕಲು ಬೇಕು. ಎರಡನೆಯದು ನೇಮಕಾತಿ ಆದೇಶ. ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಜಿಲ್ಲಾ ಪಂಚಾಯಿತಿಯ ಅನುಮೋದನೆ. ಇದು ಇಲ್ಲದೆ ಹತ್ತು ಹದಿನೈದು ವರ್ಷ ದುಡಿದವರಿದ್ದಾರೆ. ಊರಿಗೆಲ್ಲ ನೀರು ಬಿಟ್ಟವನು ಕಾಗದದಲ್ಲಿ ಇಲ್ಲ ಅಂದರೆ ಎಂಥ ನೋವು ಹೇಳಿ. ನಿಮ್ಮದು ಹೀಗಿದ್ದರೆ ತಡ ಮಾಡಬೇಡಿ. ಪಂಚಾಯಿತಿಗೆ ಮನವಿ ಕೊಟ್ಟು, ತಾಲ್ಲೂಕು ಪಂಚಾಯಿತಿ ಮೂಲಕ ಜಿಲ್ಲಾ ಪಂಚಾಯಿತಿಗೆ ಪ್ರಸ್ತಾವನೆ ಕಳಿಸಲು ಕೇಳಿ. ಕಳಿಸಿದ ಪತ್ರದ ಸಂಖ್ಯೆ, ದಿನಾಂಕ ಬರೆದಿಟ್ಟುಕೊಳ್ಳಿ.

ನಾಲ್ಕನೆಯದು ಗ್ರಾಮ ಪಂಚಾಯಿತಿಗಳ ಆಡಳಿತಕ್ಕೆ ಬಳಸುವ ಪಂಚತಂತ್ರ ತಂತ್ರಾಂಶದಲ್ಲಿ ನಿಮ್ಮ ವಿವರ. ಅಲ್ಲಿ ಹೆಸರು, ಹುದ್ದೆ, ಸೇರಿದ ದಿನಾಂಕ, ಬ್ಯಾಂಕ್ ಖಾತೆ ಎಲ್ಲ ಸರಿ ಇದೆಯಾ ಅಂತ ಕಂಪ್ಯೂಟರ್ ಮುಂದೆ ಕೂತು ನೋಡಿ, ಪ್ರಿಂಟ್ ತೆಗೆದುಕೊಳ್ಳಿ. ಒಬ್ಬರ ಆಧಾರ್‌ನಲ್ಲಿ ಅಪ್ಪನ ಹೆಸರಿನ ಮೊದಲಕ್ಷರ ಹಿಂದೆ ಇತ್ತು, ಅಂಕಪಟ್ಟಿಯಲ್ಲಿ ಮುಂದೆ ಇತ್ತು, ತಂತ್ರಾಂಶದಲ್ಲಿ ಅದು ಇರಲೇ ಇಲ್ಲ. ಮೂರು ಕಡೆ ಮೂರು ಹೆಸರು. ಇಂಥದ್ದನ್ನು ಕೆಲಸ ಇಲ್ಲದ ದಿನ ಸರಿ ಮಾಡಿಸಿಕೊಳ್ಳಬೇಕು. ಅರ್ಜಿ ಹಾಕುವ ದಿನ ಅಲ್ಲ.

ಸರ್ಕಾರಿ ನೌಕರರಿಗೆ ಈ ಜಾಗದಲ್ಲಿ ಇರುವುದು ಸೇವಾ ವಹಿ, ಅಂದರೆ ಸರ್ವಿಸ್ ರಿಜಿಸ್ಟರ್. ವರ್ಷಕ್ಕೊಮ್ಮೆ ಅದನ್ನು ಕೇಳಿ ನೋಡಿ, ಅದು ನಿಮ್ಮ ಹಕ್ಕು. ಹುಟ್ಟಿದ ದಿನಾಂಕ, ಪರೀಕ್ಷಾರ್ಥ ಅವಧಿ ಮುಗಿದ ಘೋಷಣೆ, ಇಲಾಖಾ ಪರೀಕ್ಷೆ ಪಾಸಾದ ನಮೂದು, ಗಳಿಕೆ ರಜೆ ಲೆಕ್ಕ, ಈ ನಾಲ್ಕನ್ನು ಮೊದಲು ನೋಡಿ. ಹುಟ್ಟಿದ ದಿನಾಂಕ ತಪ್ಪಿದ್ದರೆ ನಿವೃತ್ತಿ ಹತ್ತಿರ ಬಂದಾಗ ಸರಿಪಡಿಸಲು ಆಗುವುದಿಲ್ಲ. 1974ರ ವಯಸ್ಸು ನಿರ್ಧಾರ ಕಾಯ್ದೆ ಸೇವಾ ವಹಿಯಲ್ಲಿ ನಮೂದಾದ ಮೇಲೆ 3 ವರ್ಷದ ಗಡುವು ಹಾಕಿದೆ. ಗಳಿಕೆ ರಜೆ ವರ್ಷಕ್ಕೆ 30 ದಿನ, ಜನವರಿ 1ಕ್ಕೆ 15, ಜುಲೈ 1ಕ್ಕೆ 15 ಜಮಾ ಆಗಬೇಕು. ಆಗಿದೆಯಾ ಎಣಿಸಿ.

ಇನ್ನು ನಾಮನಿರ್ದೇಶನ, ಅಂದರೆ ನಿಮ್ಮ ನಂತರ ಹಣ ಯಾರಿಗೆ ಸೇರಬೇಕು ಅನ್ನುವ ನಮೂದು. ಮದುವೆಗೆ ಮುಂಚೆ ಅಮ್ಮನ ಹೆಸರು ಬರೆದು, ಆಮೇಲೆ ಮರೆತವರು ಬಹಳ. ಇದನ್ನು ಹೇಳಲು ನನಗೆ ಸಂಕಟವಾಗುತ್ತದೆ, ಆದರೂ ಹೇಳಬೇಕು. ಸರ್ಕಾರಿ ನೌಕರರು ಸೇವೆಯಲ್ಲಿದ್ದಾಗ ತೀರಿಕೊಂಡರೆ, 1996ರ ಅನುಕಂಪದ ನೇಮಕಾತಿ ನಿಯಮಗಳ ಪ್ರಕಾರ ಮನೆಯವರು ಒಂದು ವರ್ಷದೊಳಗೆ ಅರ್ಜಿ ಕೊಡಬೇಕು. ದುಃಖದಲ್ಲಿರುವ ಮನೆಯಲ್ಲಿ ಒಂದು ವರ್ಷ ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಕಳೆಯುತ್ತದೆ. ಫೈಲ್ ಎಲ್ಲಿದೆ ಅಂತ ಹೆಂಡತಿಗೋ ಗಂಡನಿಗೋ ಇವತ್ತೇ ತೋರಿಸಿಡಿ.

ಎಲ್ಲ ಕಾಗದದ್ದೂ ಫೋಟೊ ತೆಗೆದು ಫೋನಿನಲ್ಲಿ ಇಡಿ, ಜೊತೆಗೆ ನಿಮ್ಮ ಇಮೇಲ್‌ಗೂ ಕಳಿಸಿಕೊಳ್ಳಿ. ಫೋನ್ ನೀರಿಗೆ ಬಿದ್ದರೂ ಕಾಗದ ಉಳಿಯುತ್ತದೆ. ಮೂಲ ಪ್ರತಿಗೆ ಲ್ಯಾಮಿನೇಷನ್ ಮಾತ್ರ ಬೇಡ. ಮುಂದೆ ಅದರ ಮೇಲೆ ಸೀಲು, ಸಹಿ ಹಾಕಲು ಆಗುವುದಿಲ್ಲ.

ಹಂತ 3: ಆದೇಶ ಓದುವುದನ್ನು ಕಲಿಯಿರಿ

ವಾಟ್ಸಾಪ್ ಗ್ರೂಪಿನಲ್ಲಿ ಬರುವುದು ಸುದ್ದಿ. ಆದೇಶ ಬೇರೆ. "ನೌಕರರಿಗೆ ಸಿಹಿಸುದ್ದಿ" ಅಂತ ಬಂದ ಕೂಡಲೇ ಪಿಡಿಎಫ್ ಎಲ್ಲಿದೆ ಅಂತ ಕೇಳಿ. ಸಿಕ್ಕ ಮೇಲೆ ಹೀಗೆ ಓದಿ.

ಮೊದಲು ಅದು ಯಾವ ಬಗೆಯ ಕಾಗದ ಅಂತ ನೋಡಿ. ಸರ್ಕಾರಿ ಆದೇಶ ಜಾರಿಯಾಗುವಂಥದ್ದು. ಸುತ್ತೋಲೆ ಇರುವ ನಿಯಮವನ್ನು ಹೇಗೆ ಪಾಲಿಸಬೇಕು ಅಂತ ಹೇಳುತ್ತದೆ. ಸಭಾ ನಡಾವಳಿ ಅಂದರೆ ಸಭೆಯಲ್ಲಿ ಮಾತಾಡಿದ್ದು, ಅದರಿಂದ ನಿಮ್ಮ ಖಾತೆಗೆ ಒಂದು ರೂಪಾಯಿಯೂ ಬರುವುದಿಲ್ಲ. ಸಚಿವರಿಗೆ ಸಂಘ ಕೊಟ್ಟ ಮನವಿಯನ್ನೇ ಆದೇಶ ಅಂತ ಹಂಚಿದ್ದನ್ನೂ ನೋಡಿದ್ದೇನೆ. ಕರಡು ಅಧಿಸೂಚನೆ ಬಂದರೆ ಮಾತ್ರ ಮೈಯೆಲ್ಲ ಕಣ್ಣಾಗಬೇಕು. ರಾಜ್ಯಪತ್ರದಲ್ಲಿ ಕರಡು ನಿಯಮ ಬಂದಾಗ ಆಕ್ಷೇಪಣೆ, ಸಲಹೆ ಕೊಡಲು ಸಾಮಾನ್ಯವಾಗಿ 15 ಅಥವಾ 30 ದಿನ ಇರುತ್ತದೆ. ಬಡ್ತಿಯ ಪ್ರಮಾಣ, ವಿದ್ಯಾರ್ಹತೆ ಎಲ್ಲ ಬದಲಾಗುವುದು ಅಲ್ಲೇ. ಅಂತಿಮವಾದ ಮೇಲೆ ಬೀದಿಯಲ್ಲಿ ಕೂಗುವುದಕ್ಕಿಂತ, ಕರಡಿದ್ದಾಗ ಒಂದು ಹಾಳೆ ಬರೆದು ಕೊಡುವುದು ಸುಲಭ ಅಲ್ವಾ? ಇದನ್ನು ಮಾಡುವವರು ಮಾತ್ರ ಬಹಳ ಕಡಿಮೆ.

ಆಮೇಲೆ ಸಂಖ್ಯೆ ನೋಡಿ. ಆದೇಶ ಸಂಖ್ಯೆಯ ಮೊದಲಿಗೆ ಇಲಾಖೆಯ ಗುರುತು ಇರುತ್ತದೆ. 'ಗ್ರಾಅಪ' ಅಂದರೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್. 'ಆಇ' ಅಂದರೆ ಆರ್ಥಿಕ ಇಲಾಖೆ. 'ನಅಇ' ನಗರಾಭಿವೃದ್ಧಿ. 'ಸಿಆಸುಇ' ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ. ದುಡ್ಡಿನ ವಿಷಯ ಇರುವ ಆದೇಶ ಬೇರೆ ಇಲಾಖೆಯಿಂದ ಹೊರಟಿದ್ದರೆ, ಕೊನೆಯಲ್ಲಿ ಆರ್ಥಿಕ ಇಲಾಖೆಯ ಸಹಮತಿ ಇದೆ ಅನ್ನುವ ಸಾಲು ಇದೆಯಾ ಹುಡುಕಿ. ಆ ಸಾಲು ಇಲ್ಲದಿದ್ದರೆ ಇನ್ನೂ ಸ್ವಲ್ಪ ಕಾಯಬೇಕಾಗಬಹುದು.

ಪ್ರಸ್ತಾವನೆ ಅಂತ ಒಂದು ಭಾಗ ಇರುತ್ತದೆ, ಉದ್ದವಾಗಿ. ಅದರಲ್ಲಿ ಸಂಘದವರ ಬೇಡಿಕೆ, ಸಮಿತಿ ಶಿಫಾರಸು ಎಲ್ಲ ಬರೆದಿರುತ್ತಾರೆ. ಎಷ್ಟೋ ಜನ ಅದನ್ನೇ ಓದಿ ನಮಗೆ ಮಂಜೂರಾಯಿತು ಅಂದುಕೊಳ್ಳುತ್ತಾರೆ. ಅಲ್ಲಿ ನಿಲ್ಲಬೇಡಿ. ಕೆಳಗೆ ದಪ್ಪ ಅಕ್ಷರದಲ್ಲಿ 'ಆದೇಶ' ಅಂತ ಬರುತ್ತದಲ್ಲ, ಅಲ್ಲಿಂದ ಮುಂದಿನದ್ದೇ ನಿಮಗೆ ಸಿಗುವುದು.

ಆ ಭಾಗದಲ್ಲೂ ಎರಡು ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆಯಿರಿ. ಒಂದು, ಯಾರಿಗೆ ಅನ್ವಯ. ತುಟ್ಟಿಭತ್ಯೆ ಆದೇಶಗಳಲ್ಲಿ ಪೂರ್ಣಾವಧಿ ಸರ್ಕಾರಿ ನೌಕರರು, ಜಿಲ್ಲಾ ಪಂಚಾಯಿತಿಗಳ ನೌಕರರು, ಕಾಲಿಕ ವೇತನ ಶ್ರೇಣಿಯ (ವರ್ಷ ವರ್ಷ ಏರುವ ಸಂಬಳದ) ವರ್ಕ್‌ಚಾರ್ಜ್ ನೌಕರರು (ಕಾಮಗಾರಿ ಲೆಕ್ಕದಲ್ಲಿ ಸಂಬಳ ಪಡೆಯುವವರು) ಅಂತ ಪಟ್ಟಿಯೇ ಇರುತ್ತದೆ. ನೀವು ಆ ಪಟ್ಟಿಯಲ್ಲಿ ಎಲ್ಲಿದ್ದೀರಿ ಅಂತ ಬೆರಳಿಟ್ಟು ನೋಡಿ. 'ಕಾಲಿಕ ವೇತನ' ಅನ್ನುವ ಎರಡು ಪದ ನಿಮ್ಮನ್ನು ಒಳಗೂ ಇಡಬಹುದು, ಹೊರಗೂ ಇಡಬಹುದು. ಇನ್ನೊಂದು, ಯಾವ ದಿನಾಂಕದಿಂದ ಜಾರಿ. ಆದೇಶದ ದಿನಾಂಕ ಬೇರೆ, ಜಾರಿಯ ದಿನಾಂಕ ಬೇರೆ ಇರಬಹುದು. ನಡುವಿನ ತಿಂಗಳುಗಳ ಬಾಕಿ ಸಿಗುತ್ತದೋ ಇಲ್ಲವೋ ಅನ್ನುವುದು ಅಲ್ಲೇ ಇರುತ್ತದೆ.

ಕೊನೆಯಲ್ಲಿ 'ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ' ಅನ್ನುವ ಸಾಲು, ಸಹಿ ಮಾಡಿದವರ ಪದನಾಮ, ಪ್ರತಿ ಹೋಗಿರುವ ಕಚೇರಿಗಳ ಪಟ್ಟಿ. ಈ ಪಟ್ಟಿಯೂ ಉಪಯೋಗದ್ದೇ. ನಿಮ್ಮ ಜಿಲ್ಲಾ ಪಂಚಾಯಿತಿಗೆ ಪ್ರತಿ ಹೋಗಿದ್ದರೆ "ನಮಗೆ ಬಂದೇ ಇಲ್ಲ" ಅಂತ ಯಾರಾದರೂ ಹೇಳಿದಾಗ ತೋರಿಸಬಹುದು.

ಹಂತ 4: ಸುದ್ದಿ ಎಲ್ಲಿಂದ ತೆಗೆದುಕೊಳ್ಳಬೇಕು

ವಾರಕ್ಕೆ ಅರ್ಧ ಗಂಟೆ ಸಾಕು. ನಿಮ್ಮ ಇಲಾಖೆಯ ವೆಬ್‌ಸೈಟಿನ ಆದೇಶ ಮತ್ತು ಸುತ್ತೋಲೆ ಪುಟ, ಕೆಪಿಎಸ್‌ಸಿ (ಕರ್ನಾಟಕ ಲೋಕಸೇವಾ ಆಯೋಗ) ಮತ್ತು ಪರೀಕ್ಷಾ ಪ್ರಾಧಿಕಾರದ ಪುಟ, ರಾಜ್ಯಪತ್ರ. ಪಟ್ಟಣದವರಾದರೆ ಪೌರಾಡಳಿತ ನಿರ್ದೇಶನಾಲಯದ ಪುಟ. ಶನಿವಾರ ಸಂಜೆಯೋ ಸೋಮವಾರ ಬೆಳಿಗ್ಗೆಯೋ ಒಂದು ಸಮಯ ಇಟ್ಟುಕೊಳ್ಳಿ. ನಿಮ್ಮ ಕಚೇರಿಯ ಟಪಾಲು ವಹಿಯನ್ನೂ ನೋಡುತ್ತಿರಿ. ಎಷ್ಟೋ ಸುತ್ತೋಲೆ ಆ ಕಟ್ಟಿನಲ್ಲೇ ಸತ್ತುಹೋಗುತ್ತವೆ.

ಹಂತ 5: ಜ್ಯೇಷ್ಠತಾ ಪಟ್ಟಿಯ ಮೇಲೆ ಕಣ್ಣಿಡಿ

ಪಂಚಾಯಿತಿ ನೌಕರರಿಗೆ ಬಡ್ತಿಯ ಬಾಗಿಲು ಇದೆ. ಅರ್ಹ ಕರ ವಸೂಲಿಗಾರರು, ಗುಮಾಸ್ತರು, ಡೇಟಾ ಎಂಟ್ರಿ ಆಪರೇಟರ್‌ಗಳು ಗ್ರೇಡ್-2 ಕಾರ್ಯದರ್ಶಿಯೋ ದ್ವಿತೀಯ ದರ್ಜೆ ಲೆಕ್ಕ ಸಹಾಯಕರೋ ಆಗಬಹುದು. ಹಾಗೆ ಆದವರನ್ನು ನಾನು ಕಂಡಿದ್ದೇನೆ. ಒಬ್ಬರು ಮನೆ ಮನೆಗೆ ರಸೀದಿ ಪುಸ್ತಕ ಹಿಡಿದು ತಿರುಗಿದ್ದವರು, ಕೊನೆಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಾಗಿ ನಿವೃತ್ತರಾದರು. ಯಾವ ಮನೆಯ ಕಂದಾಯ ಎಷ್ಟು ಬಾಕಿ ಅಂತ ವಹಿ ನೋಡದೆ ಹೇಳುತ್ತಿದ್ದರು. ಅಂಥವರು ಮೇಲೆ ಬಂದರೆ ಊರಿಗೇ ಒಳ್ಳೆಯದು.

ಆದರೆ ಬಡ್ತಿ ನಡೆಯುವುದು ಜ್ಯೇಷ್ಠತಾ ಪಟ್ಟಿಯ, ಅಂದರೆ ಸೀನಿಯಾರಿಟಿ ಪಟ್ಟಿಯ ಮೇಲೆ. ಮೊದಲು ತಾತ್ಕಾಲಿಕ ಪಟ್ಟಿ ಬರುತ್ತದೆ. ಆಕ್ಷೇಪಣೆಗೆ ಕೆಲವೇ ದಿನ ಕೊಡುತ್ತಾರೆ. ಆಮೇಲೆ ಅಂತಿಮ ಪಟ್ಟಿ. ತಾತ್ಕಾಲಿಕ ಪಟ್ಟಿ ಬಂದ ದಿನವೇ ನಿಮ್ಮ ಕ್ರಮಸಂಖ್ಯೆ, ಸೇರಿದ ದಿನಾಂಕ, ಅನುಮೋದನೆಯ ದಿನಾಂಕ, ವಿದ್ಯಾರ್ಹತೆ, ಮೀಸಲಾತಿ ವರ್ಗ ನೋಡಿ. ನಿಮ್ಮ ಮೇಲಿನ ಐದು ಜನ, ಕೆಳಗಿನ ಐದು ಜನರ ದಿನಾಂಕವನ್ನೂ ನೋಡಿ. ತಪ್ಪು ಕಂಡರೆ ಬಾಯಲ್ಲಿ ಹೇಳಬೇಡಿ, ಬರೆದು ಕೊಡಿ. ಒಂದೇ ಪುಟ ಸಾಕು. 'ಕ್ರಮಸಂಖ್ಯೆ ಇಂತಿಷ್ಟರಲ್ಲಿ ನನ್ನ ನೇಮಕ ದಿನಾಂಕ ಹೀಗೆ ನಮೂದಾಗಿದೆ, ಲಗತ್ತಿಸಿದ ಆದೇಶದ ಪ್ರಕಾರ ಅದು ಹೀಗಿರಬೇಕು, ಸರಿಪಡಿಸಿ' ಅಷ್ಟೇ. ಕೊಟ್ಟ ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಕಚೇರಿ ಮೆಟ್ಟಿಲು ಇಳಿಯಬೇಡಿ.

ಪಟ್ಟಿಯಲ್ಲಿ ಮೇಲೆ ಇದ್ದು ವಿದ್ಯಾರ್ಹತೆ ಇಲ್ಲದೆ ಕೂತವರಿಗೂ ಒಂದು ಮಾತು. ಪಿಯುಸಿಯನ್ನು ಖಾಸಗಿಯಾಗಿ ಕಟ್ಟಬಹುದು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಮನೆಯಿಂದಲೇ ಡಿಗ್ರಿ ಓದಬಹುದು. ಸೇರುವ ಮುಂಚೆ ಕಚೇರಿಯಿಂದ ಲಿಖಿತ ಅನುಮತಿ ತೆಗೆದುಕೊಳ್ಳಿ. ಪಾಸಾದ ಮೇಲೆ ಅಂಕಪಟ್ಟಿಯನ್ನು ಕಚೇರಿಗೆ ಕೊಟ್ಟು ದಾಖಲು ಮಾಡಿಸಿ. ಮನೆಯ ಟ್ರಂಕಿನಲ್ಲಿ ಇರುವ ಅಂಕಪಟ್ಟಿ ಬಡ್ತಿ ಸಮಿತಿಗೆ ಕಾಣುವುದಿಲ್ಲ.

ಸರ್ಕಾರಿ ನೌಕರರು ಬಡ್ತಿ ಸಿಗದೆ ಒಂದೇ ಹುದ್ದೆಯಲ್ಲಿ ಉಳಿದರೂ 10, 15, 20, 25, 30 ವರ್ಷಕ್ಕೆ ಕಾಲಮಿತಿ ಬಡ್ತಿಯಿಂದ ಹಿಡಿದು ಹೆಚ್ಚುವರಿ ವೇತನ ಬಡ್ತಿವರೆಗೆ ಒಂದೊಂದು ಸೌಲಭ್ಯ ಇದೆ. ಅದು ತಾನಾಗಿ ಬರುತ್ತದೆ ಅಂತ ಕಾಯಬೇಡಿ. ವರ್ಷ ತುಂಬುವ ಎರಡು ತಿಂಗಳ ಮುಂಚೆಯೇ ಅರ್ಜಿ ಕೊಡಿ.

ಹಂತ 6: ಪರೀಕ್ಷೆಗಳು

ಇಲ್ಲಿ ಎರಡು ದಾರಿ. ಒಂದು ಇರುವ ಕೆಲಸದಲ್ಲೇ ಮೇಲೆ ಬರಲು ಬರೆಯುವ ಪರೀಕ್ಷೆ. ಇನ್ನೊಂದು ಹೊಸ ಹುದ್ದೆಗೆ ಬರೆಯುವುದು.

ಇಲಾಖಾ ಪರೀಕ್ಷೆಗಳನ್ನು ಕೆಪಿಎಸ್‌ಸಿ ನಡೆಸುತ್ತದೆ, ಸಾಮಾನ್ಯವಾಗಿ ವರ್ಷಕ್ಕೆ ಎರಡು ಅಧಿವೇಶನ. 1974ರ ಸೇವಾ ಮತ್ತು ಕನ್ನಡ ಭಾಷಾ ಪರೀಕ್ಷೆಗಳ ನಿಯಮಗಳಲ್ಲಿ ಯಾವ ಹುದ್ದೆಗೆ ಯಾವ ವಿಷಯ ಅಂತ ಇದೆ. ಅಕೌಂಟ್ಸ್ ಹೈಯರ್, ಅಕೌಂಟ್ಸ್ ಲೋಯರ್, ಜನರಲ್ ಲಾ ಅಂತ ಎಲ್ಲರೂ ಹೇಳುವುದು ಇವೇ. ಗ್ರೇಡ್-2ಗೆ ಬಡ್ತಿ ಸಿಕ್ಕ ಕೂಡಲೇ ನೆಮ್ಮದಿಯಾಗಿ ಕೂರಬೇಡಿ, ಮೊದಲ ಅವಕಾಶದಲ್ಲೇ ಕಟ್ಟಿ. ವಯಸ್ಸಾದಂತೆ ಓದು ಕಷ್ಟ, ಕೆಲಸದ ಒತ್ತಡವೂ ಜಾಸ್ತಿ. ಪಾಸಾದರೆ ಫಲಿತಾಂಶದ ಪುಟ ಪ್ರಿಂಟ್ ತೆಗೆದು ಸೇವಾ ವಹಿಯಲ್ಲಿ ನಮೂದು ಮಾಡಿಸಿ.

ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2012ರ ನಿಯಮಗಳ ಪ್ರಕಾರ ಅದು ಕಡ್ಡಾಯ. ಕಿಯೋನಿಕ್ಸ್ ನಡೆಸುತ್ತದೆ. ಅದನ್ನು ಪಾಸು ಮಾಡದೆ ಬಡ್ತಿ ನಿಂತವರು, ವೇತನ ಬಡ್ತಿ ನಿಂತವರು ಇದ್ದಾರೆ. ಹಿರಿಯ ನೌಕರರು ಇದಕ್ಕೆ ಹೆದರುತ್ತಾರೆ. ಹೆದರುವಂಥದ್ದು ಏನಿಲ್ಲ. ನುಡಿ ತಂತ್ರಾಂಶದಲ್ಲಿ ದಿನಾ ಒಂದು ಪತ್ರ ಟೈಪ್ ಮಾಡಿ, ಎಕ್ಸೆಲ್‌ನಲ್ಲಿ ಕಂದಾಯದ ಒಂದು ಪಟ್ಟಿ ಮಾಡಿ ಮೊತ್ತ ತೆಗೆಯಿರಿ. ನಿಮ್ಮ ಆಪರೇಟರ್ ತಂಗಿಯನ್ನೋ ತಮ್ಮನನ್ನೋ ಕೂರಿಸಿಕೊಂಡು ಕಲಿತರೆ ತಿಂಗಳಲ್ಲಿ ಕೈ ಕುದುರುತ್ತದೆ.

ಇನ್ನು ಹೊಸ ಹುದ್ದೆ. 2024ರಲ್ಲಿ ಕೆಪಿಎಸ್‌ಸಿ 247 ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಹುದ್ದೆಗೆ ಅರ್ಜಿ ಕರೆದಾಗ 97 ಹುದ್ದೆ ಕಲ್ಯಾಣ ಕರ್ನಾಟಕದ್ದು, 150 ಉಳಿಕೆ ಭಾಗದ್ದು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರು 371-ಜೆ ಅರ್ಹತಾ ಪತ್ರ (ಸಂವಿಧಾನದ ಆ ವಿಧಿಯಡಿ ಈ ಭಾಗದ ಸ್ಥಳೀಯರು ಅಂತ ತೋರಿಸುವ ಪತ್ರ) ಮಾಡಿಸಿಟ್ಟುಕೊಳ್ಳಿ. ಅಲ್ಲಿನ ಗ್ರೂಪ್ ಸಿ ಹುದ್ದೆಗಳಲ್ಲಿ 80 ಶೇಕಡಾ, ಗ್ರೂಪ್ ಡಿಯಲ್ಲಿ 85 ಶೇಕಡಾ ಸ್ಥಳೀಯರಿಗೆ ಮೀಸಲು.

ಅರ್ಜಿ ತುಂಬುವಾಗ ಸೇವೆಯಲ್ಲಿದ್ದೀರಾ ಅಂತ ಕೇಳುವ ಕಾಲಂ ಬರುತ್ತದೆ. ಅಲ್ಲಿ ಹೌದು ಅಂತ ಹಾಕಿ, ಸೇವೆಯ ವರ್ಷ ಸರಿಯಾಗಿ ತುಂಬಿ. ಮೇಲೆ ಹೇಳಿದ 10 ವರ್ಷದವರೆಗಿನ ಸಡಿಲಿಕೆ ಸಿಗುವುದು ಅಲ್ಲಿ ಕೇಳಿಕೊಂಡರೆ ಮಾತ್ರ. ವಯೋಮಿತಿ ಸಾಮಾನ್ಯವಾಗಿ ಸಾಮಾನ್ಯ ವರ್ಗಕ್ಕೆ 35, ಪ್ರವರ್ಗ 2ಎ, 2ಬಿ, 3ಎ, 3ಬಿಗೆ 38, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ 1ಕ್ಕೆ 40. ನಿಮ್ಮ ಮಿತಿಗೆ ನಿಮ್ಮ ಸೇವೆಯ ವರ್ಷ ಕೂಡಿಸಿ ನೋಡಿ. ಒಂದರಿಂದ ಹತ್ತನೇ ತರಗತಿ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿ 25 ಶೇಕಡಾ, ಕನ್ನಡ ಮಾಧ್ಯಮಕ್ಕೆ 5 ಶೇಕಡಾ. ಈ ಎರಡರ ಪ್ರಮಾಣಪತ್ರವನ್ನು ಓದಿದ ಶಾಲೆಯಿಂದ ಈಗಲೇ ತಂದಿಡಿ. ಬೇಸಿಗೆ ರಜೆಯಲ್ಲಿ ಶಾಲೆಗೆ ಬೀಗ ಬಿದ್ದಿರುತ್ತದೆ. ಕಚೇರಿಯಿಂದ ನಿರಾಕ್ಷೇಪಣಾ ಪತ್ರಕ್ಕೂ ಮುಂಚೆಯೇ ಬರೆದು ಕೊಡಿ.

ಓದುವ ವಿಷಯದಲ್ಲಿ ನಿಮಗೊಂದು ಬಲ ಇದೆ. ಕೋಚಿಂಗ್ ಹುಡುಗರು ಉರು ಹೊಡೆಯುವ ಗ್ರಾಮಸಭೆ, ಉದ್ಯೋಗ ಖಾತ್ರಿ ಕಾರ್ಡ್, ಇ-ಸ್ವತ್ತು, ಹಣಕಾಸು ಆಯೋಗದ ಅನುದಾನ, ಇವೆಲ್ಲ ನಿಮ್ಮ ದಿನದ ಕೆಲಸ. ಕೈ ಮಾಡಿದ್ದನ್ನು ಕಾಯ್ದೆಯ ಪುಸ್ತಕಕ್ಕೆ ಜೋಡಿಸಿ ಓದಿ, ನೆನಪಿನಲ್ಲಿ ಉಳಿಯುತ್ತದೆ.

ಹಂತ 7: ತರಬೇತಿ ಬಿಡಬೇಡಿ

ಮೈಸೂರಿನಲ್ಲಿ ಅಬ್ದುಲ್ ನಜೀರ್ ಸಾಬ್ ಹೆಸರಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆ ಇದೆ. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಹಾಕಿಸಿ 'ನೀರ್ ಸಾಬ್' ಅನ್ನಿಸಿಕೊಂಡ ಮಂತ್ರಿ ಅವರು. ಪಟ್ಟಣದವರಿಗೆ ರಾಜ್ಯ ನಗರಾಭಿವೃದ್ಧಿ ಸಂಸ್ಥೆ, ಅದೂ ಮೈಸೂರಿನಲ್ಲೇ. ಜಿಲ್ಲೆಗಳಲ್ಲಿ ಜಿಲ್ಲಾ ತರಬೇತಿ ಸಂಸ್ಥೆಗಳಿವೆ. ಹೋಗಿ ಬಂದ ಮೇಲೆ ಪ್ರಮಾಣಪತ್ರ ಫೈಲಿಗೆ ಹಾಕಿ. ಅಲ್ಲಿ ಸಿಗುವ ಬೇರೆ ಜಿಲ್ಲೆಯ ಗೆಳೆಯರು ಇನ್ನೂ ದೊಡ್ಡ ಲಾಭ. ನನಗೆ ಅರ್ಧ ನಿಯಮ ಗೊತ್ತಾಗಿದ್ದು ತರಬೇತಿಯ ಊಟದ ಹೊತ್ತಿನಲ್ಲಿ.

ಹಂತ 8: ಪಟ್ಟಣದವರು, ಹೊರಗುತ್ತಿಗೆಯವರು

ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ ನಡೆಯುವುದು 1964ರ ಪೌರಸಭೆಗಳ ಕಾಯ್ದೆಯಲ್ಲಿ. ಬೆಂಗಳೂರು ಬಿಟ್ಟು ಉಳಿದ ಮಹಾನಗರ ಪಾಲಿಕೆಗಳು 1976ರ ಕಾಯ್ದೆಯಲ್ಲಿ. ಖಾಯಂ ನೌಕರರಿಗೆ ಮೇಲಿನ ಸೇವಾ ವಹಿ, ಜ್ಯೇಷ್ಠತಾ ಪಟ್ಟಿಯ ಮಾತೆಲ್ಲ ಹಾಗೇ ಅನ್ವಯಿಸುತ್ತದೆ. ನೇರ ಪಾವತಿ ಪೌರಕಾರ್ಮಿಕರು (ಗುತ್ತಿಗೆದಾರರಿಲ್ಲದೆ ಸಂಸ್ಥೆಯೇ ಸಂಬಳ ಕೊಡುವವರು) ಪ್ರತಿ ತಿಂಗಳ ಹಾಜರಾತಿ ಮತ್ತು ಬ್ಯಾಂಕ್ ಪಾಸ್‌ಬುಕ್ ಜೋಪಾನ ಮಾಡಿ. ಮುಂದೆ ಖಾಯಂ ಮಾಡುವಾಗ ಎಷ್ಟು ವರ್ಷ ದುಡಿದಿರಿ ಅನ್ನುವುದಕ್ಕೆ ಪಾಸ್‌ಬುಕ್ ಎಂಟ್ರಿಯೇ ಸಾಕ್ಷಿ ಆಗುವುದುಂಟು.

ಹೊರಗುತ್ತಿಗೆಯವರು ಇವತ್ತೇ ಒಂದು ಕೆಲಸ ಮಾಡಿ. ಉಮಂಗ್ ಆ್ಯಪ್‌ನಲ್ಲಿ ಯುಎಎನ್ (ನಿಮ್ಮ ಪಿಎಫ್ ಗುರುತಿನ ಸಂಖ್ಯೆ) ಹಾಕಿ ಪಿಎಫ್ ಪಾಸ್‌ಬುಕ್ ತೆಗೆಯಿರಿ. ನಿಮ್ಮಿಂದ 12 ಶೇಕಡಾ ಹಿಡಿದಿದ್ದರೆ ಏಜೆನ್ಸಿಯದ್ದೂ 12 ಸೇರಿರಬೇಕು. ಏಜೆನ್ಸಿಯ ಪಾಲಿನಲ್ಲಿ ಒಂದು ಭಾಗ ಪಿಂಚಣಿ ಖಾತೆಗೆ ಹೋಗುತ್ತದೆ, ಅದು ಬೇರೆ ಕಾಲಂನಲ್ಲಿ ಕಾಣುತ್ತದೆ. ತಿಂಗಳುಗಳು ಖಾಲಿ ಕಂಡರೆ ಸ್ಕ್ರೀನ್‌ಶಾಟ್ ತೆಗೆದು ಮುಖ್ಯಾಧಿಕಾರಿಗೂ ಪಿಎಫ್ ಕಚೇರಿಗೂ ಬರೆದು ಕೊಡಿ. ಸಂಬಳ 21,000ದ ಒಳಗಿದ್ದರೆ ಇಎಸ್‌ಐ (ನೌಕರರ ಆರೋಗ್ಯ ವಿಮೆ) ಚೀಟಿಯನ್ನೂ ಕೇಳಿ. ನಿಮ್ಮಿಂದ ಹಿಡಿಯುವುದು 0.75 ಶೇಕಡಾ ಮಾತ್ರ, ಆದರೆ ಮನೆಮಂದಿಗೆಲ್ಲ ಆಸ್ಪತ್ರೆ ಸಿಗುತ್ತದೆ.

ಹಂತ 9: ದುಡ್ಡು ಕೇಳಿದರೆ

"ಅನುಮೋದನೆ ಮಾಡಿಸಿಕೊಡ್ತೀನಿ", "ಖಾಯಂ ಪಟ್ಟಿಗೆ ಹೆಸರು ಸೇರಿಸ್ತೀನಿ" ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಒಡವೆ ಅಡವಿಟ್ಟು ಕೊಟ್ಟವರನ್ನು ನೋಡಿ ಹೊಟ್ಟೆ ಉರಿದಿದೆ. ಒಳಗಿನವರು ಕೇಳಿದರೆ ಲೋಕಾಯುಕ್ತಕ್ಕೆ ದೂರು ಕೊಡಿ. ಫೋನಿನಲ್ಲಿ ಲಿಂಕ್ ಕಳಿಸಿ ದುಡ್ಡು ಹೊಡೆದರೆ ತಕ್ಷಣ 1930ಕ್ಕೆ ಕರೆ ಮಾಡಿ.

ಹಂತ 10: ಕಾಗದ ಸಿಗದಿದ್ದರೆ

ಮೊದಲು ಸಾದಾ ಅರ್ಜಿ, ಸ್ವೀಕೃತಿಯೊಂದಿಗೆ. ಹದಿನೈದು ದಿನ ಕಾದು ಒಂದು ನೆನಪೋಲೆ. ಆಮೇಲೂ ಉತ್ತರ ಇಲ್ಲವಾದರೆ ಮಾಹಿತಿ ಹಕ್ಕು. ಕೆಲಸ ಮಾಡುವ ಇಲಾಖೆಗೇ ಮಾಹಿತಿ ಹಕ್ಕು ಹಾಕುವುದಾ ಅಂತ ಹಿಂಜರಿಯುತ್ತಾರೆ. ನಿಮ್ಮದೇ ದಾಖಲೆ ಕೇಳುವುದರಲ್ಲಿ ತಪ್ಪೇನಿದೆ? ಮರ್ಯಾದೆಯ ಭಾಷೆಯಲ್ಲಿ ಕೇಳಿ.

ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಶುಲ್ಕ 10 ರೂಪಾಯಿ. ಕಾಲ 30 ದಿನ. ಬಾರದಿದ್ದರೆ 30 ದಿನದೊಳಗೆ ಅದೇ ಕಚೇರಿಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. 'ನನ್ನ ನೇಮಕಾತಿಗೆ ಸಂಬಂಧಿಸಿದ ಎಲ್ಲಾ ಮಾಹಿತಿ' ಅಂತ ಬರೆಯಬೇಡಿ. 'ಇಂಥ ಗ್ರಾಮ ಪಂಚಾಯಿತಿಯ ಕರ ವಸೂಲಿಗಾರ ಹುದ್ದೆಗೆ ಇಂಥ ವರ್ಷದಲ್ಲಿ ನೀಡಿದ ಅನುಮೋದನೆ ಆದೇಶದ ದೃಢೀಕೃತ ನಕಲು' ಅಂತ ಬರೆಯಿರಿ. ಹೀಗೆ ಕೇಳಿದರೆ ಹುಡುಕುವವರಿಗೂ ಸುಲಭ.

ಮೊದಲು ಹೇಳಿದ ಕರ ವಸೂಲಿಗಾರರು ಕೊನೆಗೆ ಮಾಡಿದ್ದು ಇದನ್ನೇ. ಅರ್ಜಿ ನಾವಿಬ್ಬರೂ ಕೂತು ಬರೆದೆವು, ಐದೇ ಸಾಲು. ಇಪ್ಪತ್ತಾರನೇ ದಿನ ರಿಜಿಸ್ಟರ್ಡ್ ಪೋಸ್ಟ್ ಬಂತು. ಒಳಗೆ ನಾಲ್ಕು ಹಾಳೆ. ಹಾಳೆಗೆ 2 ರೂಪಾಯಿಯಂತೆ 8 ರೂಪಾಯಿ ಕಟ್ಟಿದ್ದರು. ಅನುಮೋದನೆ ಪತ್ರದಲ್ಲಿ ಅವರ ಹೆಸರು ಏಳನೇ ಸಾಲಿನಲ್ಲಿತ್ತು. ಅವರು ಅಲ್ಲೇ ಅಂಗಡಿಗೆ ಹೋಗಿ ಮೂರು ಜೆರಾಕ್ಸ್ ಮಾಡಿಸಿದರು. ಒಂದು ಫೈಲಿಗೆ, ಒಂದು ಕಚೇರಿಗೆ, ಒಂದನ್ನು ನನ್ನ ಕೈಗೆ ಕೊಟ್ಟು "ನಿಮ್ಮ ಹತ್ರಾನೂ ಒಂದಿರಲಿ ಸಾರ್, ಮುಂದಿನ ಸಲ ಕರೆದಾಗ ಬೇಕಾಗುತ್ತೆ" ಅಂದರು. ಅವರಿಗೆ ಆಗ 43. ಇನ್ನೂ ವಯಸ್ಸಿತ್ತು.